ಗೌರವಧನ ಕೊಟ್ಟರೆ ನ್ಯಾಯ ಸಲ್ಲಿತೇ?



ಬೆಳಿಗ್ಗೆ ಕೂಲಿಗೆ ಹೊರಟ ತಾಯಿ ತನ್ನ ಮಗುವನ್ನು ಅಂಗನವಾಡಿಯ ಬಾಗಿಲಲ್ಲಿ ಬಿಟ್ಟು ಹೋಗುವುದನ್ನು ನೀವು ನೋಡಿರಬಹುದು. ಅಲ್ಲಿ ಶುಲ್ಕವಿಲ್ಲ. ಮಗುವಿಗೆ ಊಟ, ಆಟ, ಹಾಡು, ಕಲಿಕೆ ಎಲ್ಲವೂ ದೊರೆಯುತ್ತದೆ. ಆದರೆ ಉಚಿತವಾಗಿ ಸಿಗುವ ಈ ಆರೈಕೆಯ ಬೆಲೆಯನ್ನು ತೆರುತ್ತಿರುವವರು ಯಾರು? ಈ ಪ್ರಶ್ನೆಯನ್ನು ಇಂದು ಸ್ವಲ್ಪ ಯೋಚಿಸೋಣ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂದಿನಿಂದ ಕಾರ್ಯಕರ್ತೆಯ ಕೆಲಸ ಬೆಳೆಯುತ್ತಲೇ ಇದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸಬೇಕು, ಮಕ್ಕಳ ತೂಕ ನೋಡಬೇಕು, ಗರ್ಭಿಣಿ, ಬಾಣಂತಿಯರನ್ನು ವಿಚಾರಿಸಬೇಕು, ಲಸಿಕೆಗೆ ಮನೆ ಮನೆ ಕರೆಯಬೇಕು, ಲೆಕ್ಕಪತ್ರ ಬರೆಯಬೇಕು. ಆದರೂ ಆಕೆಗೆ ಸಿಗುವುದು ಸಂಬಳವಲ್ಲ, 'ಗೌರವಧನ'. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಇದನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ, ಸಹಾಯಕಿಯರಿಗೆ 1,500ರಿಂದ 2,250ಕ್ಕೆ ಏರಿಸಿತು. ರಾಜ್ಯವು ತನ್ನ ಪಾಲನ್ನು ಸೇರಿಸುತ್ತದೆ, ನಿಜ. ಆದರೆ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು 2006ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅವರು ಗ್ರಾಚ್ಯುಟಿಗೆ ಅರ್ಹರೆಂದು ಅದೇ ನ್ಯಾಯಾಲಯ ತೀರ್ಪಿತ್ತದ್ದು 2022ರ ಏಪ್ರಿಲಿನಲ್ಲಿ. ಯೋಜನೆ ಆರಂಭವಾಗಿ 46 ವರ್ಷಗಳಾದ ಮೇಲೆ!

ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸುತ್ತಾರೆ. ದಾನವು ನನ್ನದನ್ನು ಕೊಡುತ್ತದೆ. ನ್ಯಾಯವು ನಿನ್ನದನ್ನೇ ನಿನಗೆ ಕೊಡುತ್ತದೆ. ಕಾರ್ಮಿಕನು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗದು, ಅದು ಬದುಕಿಗೆ ಸಾಲುವಂತಿರಬೇಕು ಎಂದು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲೇ ತಮ್ಮ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ತಿಳಿಸಿದ್ದರು. ಹಾಗಾದರೆ 'ಗೌರವ' ಎಂಬ ಮಾತು ಕೂಲಿಯ ಕೊರತೆಯನ್ನು ಮುಚ್ಚುವ ಹೊದಿಕೆಯಾಗಬಾರದು.

ಸರ್ಕಾರವನ್ನು ದೂರುವ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಹಿಂದೆ ನಾನಿದ್ದ ಧರ್ಮಕೇಂದ್ರವೊಂದರಲ್ಲಿ ನಮ್ಮದೇ ಬಾಲವಾಡಿಯಿತ್ತು. ಬಡವರಿಗೆ ಹೊರೆಯಾಗಬಾರದೆಂದು ಶುಲ್ಕವನ್ನು ಕಡಿಮೆ ಇಟ್ಟಿದ್ದೆವು. ಅದು ಒಳ್ಳೆಯದೇ. ಆದರೆ ಆ ಕೊರತೆಯನ್ನು ತುಂಬಿದ್ದು ನಾವಲ್ಲ. ಅತ್ಯಲ್ಪ ಸಂಬಳದಲ್ಲಿ ದುಡಿದ ಶಿಕ್ಷಕಿ. ಪ್ರತಿ ವರ್ಷ ಹಬ್ಬದಂದು ಆಕೆಗೆ ಶಾಲು ಹೊದಿಸಿ, 'ನಿಮ್ಮದು ದೊಡ್ಡ ಸೇವೆ' ಎಂದು ಹೊಗಳುತ್ತಿದ್ದೆ. ಒಮ್ಮೆ ಆಕೆ ಮೆಲ್ಲಗೆ ಹೇಳಿದರು: "ಸ್ವಾಮಿ, ಮನೆಯಲ್ಲಿ ಐದು ಶಾಲುಗಳಿವೆ. ಮಗಳ ಶಾಲೆಯ ಫೀಸು ಇನ್ನೂ ಕಟ್ಟಿಲ್ಲ." ನನ್ನಲ್ಲಿ ಉತ್ತರವಿರಲಿಲ್ಲ. ಊರಿನ ಮಕ್ಕಳನ್ನು ಸಲಹುವಾಕೆಯ ಸ್ವಂತ ಮಗುವಿನ ಕಡೆ ನಾನು ಕಣ್ಣೆತ್ತಿ ನೋಡಿರಲಿಲ್ಲ.

ಮಕ್ಕಳ ಆರೈಕೆ ಬಡ ತಾಯಿಯ ಕೈಗೆಟುಕುವಂತಿರಬೇಕು. ಅದರ ಭಾರ ಮತ್ತೊಬ್ಬ ಬಡ ತಾಯಿಯ ಮೇಲೆ ಬೀಳಬಾರದು. ಮಕ್ಕಳು ಇಡೀ ಸಮಾಜದ ಸಂಪತ್ತಾದರೆ, ವೆಚ್ಚವನ್ನೂ ಇಡೀ ಸಮಾಜವೇ ಹೊರಬೇಕಲ್ಲವೇ?

ಆದ್ದರಿಂದ ನಿಮ್ಮ ಊರಿನ ಅಂಗನವಾಡಿಗೆ ಒಮ್ಮೆ ಹೋಗಿ ಬನ್ನಿ. ಗೌರವಧನ ಸಕಾಲಕ್ಕೆ ಬರುತ್ತಿದೆಯೇ, ನೀರು, ಶೌಚಾಲಯ ಇವೆಯೇ ಎಂದು ವಿಚಾರಿಸಿ, ಕೊರತೆಗಳನ್ನು ಗ್ರಾಮಸಭೆಯಲ್ಲಿ ಎತ್ತಿರಿ. ಮತ ಕೇಳಲು ಬಂದವರನ್ನೂ ಈ ಬಗ್ಗೆ ಪ್ರಶ್ನಿಸಿ. ಧರ್ಮಕೇಂದ್ರದಲ್ಲಿ ಬಾಲವಾಡಿ ಇದ್ದರೆ ಶಿಕ್ಷಕಿಯ ಸಂಬಳ, ರಜೆ, ಭವಿಷ್ಯನಿಧಿಯ ವಿಷಯವನ್ನು ಪಾಲನಾ ಮಂಡಳಿಯ ಮುಂದಿಡಿ.

ಮನೆಯಲ್ಲಿ ಚರ್ಚಿಸಲು: ನಮ್ಮ ಮಕ್ಕಳನ್ನು ನೋಡಿಕೊಳ್ಳುವವರ ಮಕ್ಕಳು ಹೇಗಿದ್ದಾರೆಂದು ನಾವು ಎಂದಾದರೂ ಕೇಳಿದ್ದೇವೆಯೇ?