ಸಿಟ್ಟು ಸೇರಬೇಕಾದವರಿಗೇ ಸೇರಲಿ

ಮಕ್ಕಳೇ, ದುಡ್ಡು ಕಟ್ಟಿ ನೋಡುತ್ತಿದ್ದ ಪ್ರೈಮ್ ವಿಡಿಯೋದಲ್ಲಿ 2025ರ ಜೂನ್‌ನಿಂದ ಜಾಹೀರಾತು ಬರತೊಡಗಿತು. ಅದು ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ ಕೊಡಿ ಎಂದರು. ನಿಮಗೆ ಸಿಟ್ಟು ಬಂತು. ಬರಬೇಕಾದದ್ದೇ. ಹಣ ಪಡೆದವರು ನಡುದಾರಿಯಲ್ಲಿ ಮಾತು ಬದಲಿಸಿದಾಗ ಸುಮ್ಮನಿರುವುದು ದೊಡ್ಡತನವೇನಲ್ಲ. ಆದರೆ ಆ ಸಿಟ್ಟು ಯಾರಿಗೆ ಮುಟ್ಟಬೇಕು, ಹೇಗೆ ಮುಟ್ಟಬೇಕು ಎಂದು ಯೋಚಿಸಿ ಎನ್ನುವುದಷ್ಟೇ ನನ್ನ ಕೋರಿಕೆ.

ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇನೆ. ಆಗ ನಿಮ್ಮಲ್ಲಿ ಹಲವರು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಿರಿ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪನಿಯು ಸ್ಕೈಪ್, ವೈಬರ್‌ಗಳಲ್ಲಿ ಮಾಡುವ ಕರೆಗೆ ಬೇರೆಯೇ ದರ ಎಂದು ಘೋಷಿಸಿತು. ಜನ ತಿರುಗಿಬಿದ್ದರು, ಕೆಲವೇ ದಿನಗಳಲ್ಲಿ ಕೈಬಿಟ್ಟಿತು. ಮರುವರ್ಷ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಥ ಇಂಟರ್ನೆಟ್ ಸೇವೆಗಳನ್ನು ಹೇಗೆ ನಿಯಂತ್ರಿಸಬೇಕು ಎಂಬ ಬಗ್ಗೆ 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತು. ಅಷ್ಟು ಪುಟ ಯಾರು ಓದುತ್ತಾರೆ? ಕೆಲವು ಸ್ವಯಂಸೇವಕರು ಕೂತು ಓದಿದರು. ಪ್ರಶ್ನೆಗಳಿಗೆ ಉತ್ತರ ಬರೆದು ಜನರ ಮುಂದಿಟ್ಟರು. ಇಂಥ ಬೇರೆ ಬೇರೆ ದರ ಬೇಡವೆಂದು ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಬಳಕೆದಾರರ ಬದಲು ಆ್ಯಪ್ ಕಂಪನಿಗಳೇ ಡೇಟಾದ ಹಣ ತೆರುವ ಏರ್‌ಟೆಲ್ ಝೀರೋ ಯೋಜನೆಗೆ ಸೇರಲು ಮಾತುಕತೆ ನಡೆಸಿದ್ದ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು.

ವರ್ಷದ ಕೊನೆಗೆ ಇನ್ನೊಂದು ಬಗೆಯ ಇಮೇಲ್‌ಗಳು ಬಂದವು. ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ತೋರಿಸುವ ಫ್ರೀ ಬೇಸಿಕ್ಸ್ ಎಂಬ ತನ್ನ ಯೋಜನೆಯನ್ನು ಉಳಿಸಿಕೊಳ್ಳಲು ಫೇಸ್‌ಬುಕ್ ತನ್ನ ಬಳಕೆದಾರರಿಂದ ಬಟನ್ ಒತ್ತಿಸಿ ಟ್ರಾಯ್‌ಗೆ ಲಕ್ಷಗಟ್ಟಲೆ ಕಳಿಸಿತು. ಆ ಬಾರಿ ಟ್ರಾಯ್ ಕೇಳಿದ್ದು ನಾಲ್ಕೇ ಪ್ರಶ್ನೆ. ಇಮೇಲ್‌ಗಳಲ್ಲಿ ಫ್ರೀ ಬೇಸಿಕ್ಸ್‌ಗೆ ಜೈಕಾರವಿತ್ತು, ಆ ನಾಲ್ಕಕ್ಕೆ ಉತ್ತರವಿರಲಿಲ್ಲ. ಟ್ರಾಯ್ ಇದನ್ನು ಕಟುವಾಗಿಯೇ ಎತ್ತಿ ಆಡಿತು. 2016ರ ಫೆಬ್ರವರಿ 8ರಂದು ಬಂದ ನಿಯಮ, ಏನು ನೋಡುತ್ತೀರಿ ಎಂಬುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವುದನ್ನೇ ನಿಷೇಧಿಸಿತು. ತಲೆ ಎಣಿಸಿದರೆ ಎರಡೂ ಕಡೆ ದೊಡ್ಡ ಸಂಖ್ಯೆಯೇ ಇತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟವರ ಮಾತು ನಿಂತಿತು ಎಂದೇ ನಾನು ನಂಬಿದ್ದೇನೆ.

ಸಿಟ್ಟು ಸರಿಯಾದ ಕಡೆ ಮುಟ್ಟಿದ ಇನ್ನೊಂದು ಉದಾಹರಣೆ ಗೇಮ್ ತಯಾರಿಸುವವರ ಲೋಕದ್ದು, ಅದು ನಿಮಗೇ ಚೆನ್ನಾಗಿ ಗೊತ್ತು. 2023ರ ಸೆಪ್ಟೆಂಬರಿನಲ್ಲಿ ಗೇಮ್ ಕಟ್ಟುವ ತಂತ್ರಾಂಶ ಒದಗಿಸುವ ಯೂನಿಟಿ ಕಂಪನಿ, ಒಂದು ಮಿತಿ ದಾಟಿದ ಗೇಮ್‌ಗಳ ಪ್ರತಿ ಇನ್‌ಸ್ಟಾಲ್‌ಗೂ ತಯಾರಕರು ಶುಲ್ಕ ತೆರಬೇಕು ಎಂದಿತು. ಹಲವು ಸ್ಟುಡಿಯೋಗಳು ತಮ್ಮ ಗೇಮ್‌ಗಳಲ್ಲಿ ಯೂನಿಟಿಯ ಜಾಹೀರಾತನ್ನೇ ನಿಲ್ಲಿಸಿದವು. ಟೆರೇರಿಯಾ ಮಾಡಿದ ರೀ-ಲಾಜಿಕ್, ಗೊಡೋ ಮತ್ತು ಎಫ್‌ಎನ್‌ಎ ಎಂಬ, ಗೇಮ್ ಕಟ್ಟಲು ನೆರವಾಗುವ ಮುಕ್ತ ತಂತ್ರಾಂಶಗಳಿಗೆ ತಲಾ ಒಂದು ಲಕ್ಷ ಡಾಲರ್ ಕೊಟ್ಟಿತು. ಎಂಥ ಉತ್ತರ! ಅಕ್ಟೋಬರಿನಲ್ಲಿ ಯೂನಿಟಿಯ ಮುಖ್ಯಸ್ಥರು ಹೊರನಡೆದರು, ಮರುವರ್ಷ ಶುಲ್ಕವೂ ರದ್ದಾಯಿತು.

ಇನ್ನು ನನಗೆ ನಿಜವಾಗಿ ನೋವು ಕೊಡುವ ವಿಷಯ. 2020ರಲ್ಲಿ ದಿ ಲಾಸ್ಟ್ ಆಫ್ ಅಸ್ ಗೇಮ್‌ನ ಎರಡನೇ ಭಾಗ ಬಂದಾಗ, ಕಥೆ ಹಿಡಿಸದವರು ಆ್ಯಬಿ ಎಂಬ ಪಾತ್ರಕ್ಕೆ ದನಿ ಕೊಟ್ಟ ಲಾರಾ ಬೇಲಿಗೆ ಕೊಲೆ ಬೆದರಿಕೆ ಹಾಕಿದರು. ಕಥೆ ಬರೆದವರು ಬೇರೆ, ತೀರ್ಮಾನಿಸಿದವರು ಬೇರೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಕಸ್ಟಮರ್ ಕೇರ್‌ನಲ್ಲಿ ರಾತ್ರಿ ಪಾಳಿಗೆ ಕೂತ ಹುಡುಗಿಯ ಮೇಲೆ ಹರಿಹಾಯುವುದೂ ಇದೇ ಜಾತಿಯ ಅನ್ಯಾಯ. ದರ ಏರಿಸಿದ್ದು ಅವಳಲ್ಲ. ಅವಳು ನಿಮ್ಮದೇ ವಯಸ್ಸಿನವಳು, ಬಹುಶಃ ನಿಮ್ಮದೇ ಊರಿನವಳು. ದಯವಿಟ್ಟು ಅವಳಿಗೆ ಏರುದನಿಯಲ್ಲಿ ಒಂದು ಮಾತೂ ಆಡಬೇಡಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.

ಆಮೇಲೆ ಎಷ್ಟು ಹಣ ಕಟ್ಟಿದ್ದಿರಿ, ಏನು ಕೊಡುತ್ತೇವೆಂದಿದ್ದರು, ಯಾವ ತಾರೀಕಿನಿಂದ ಏನು ಬದಲಾಯಿತು, ನಿಮಗೇನು ಬೇಕು, ಇಷ್ಟನ್ನು ಹತ್ತು ಸಾಲಿನಲ್ಲಿ ಬರೆದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ. ಜವಾಬು ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಐದು ಲಕ್ಷ ರೂಪಾಯಿ ಒಳಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಚಂದಾ ನಿಲ್ಲಿಸಿಬಿಡಿ. ನಿಲ್ಲಿಸುವಾಗ ಕಾರಣ ಕೇಳುವ ಜಾಗವೊಂದು ಬರುತ್ತದಲ್ಲ, ಅದನ್ನು ಖಾಲಿ ಬಿಡದೆ ತುಂಬಿ.