ಬ್ರೂಜ್ ನಗರದ ಪವಿತ್ರ ನಿಧಿಗಳು

ಬೆಲ್ಜಿಯಂ ದೇಶದ ಬ್ರೂಜ್ ನಗರವು ಒಂದು ಕಾಲದಲ್ಲಿ ಉತ್ತರ ಯೂರೋಪಿನ ವಾಣಿಜ್ಯಕ್ಕೆ ಹೆಬ್ಬಾಗಿಲಾಗಿತ್ತು. ಝ್ವಿನ್ ಎಂಬ ಕಡಲ ಕವಲಿನ ಮೂಲಕ ಇಂಗ್ಲೆಂಡಿನ ಉಣ್ಣೆಯೂ ಇಟಲಿಯ ವರ್ತಕರ ಸರಕೂ ಇಲ್ಲಿಗೆ ಬರುತ್ತಿದ್ದವು. 15ನೆಯ ಶತಮಾನದ ಕೊನೆಯ ವೇಳೆಗೆ ಆ ಜಲಮಾರ್ಗವು ಹೂಳಿನಿಂದ ತುಂಬುತ್ತ ಬಂದು, ವ್ಯಾಪಾರವು ಆಂಟ್‌ವರ್ಪಿನ ಪಾಲಾಯಿತು. ಸಿರಿತನ ಉಳಿದಿದ್ದರೆ ಪುರಜನರು ಹಳೆಯ ಕಟ್ಟಡಗಳನ್ನು ಕೆಡವಿ ಹೊಸವನ್ನು ಕಟ್ಟುತ್ತಿದ್ದರೇನೋ! ಬಡತನವೇ ಈ ಊರನ್ನು ಕಾಪಾಡಿತೆನ್ನಬೇಕು. 2000ನೆಯ ಇಸವಿಯಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ತಾಣವೆಂದು ಮನ್ನಿಸಿತು.

ನಗರದ ಬುರ್ಗ್ ಚೌಕದ ಮೂಲೆಯಲ್ಲಿ ಎರಡು ಅಂತಸ್ತಿನ ಪ್ರಾರ್ಥನಾಮಂದಿರವೊಂದಿದೆ. ಕೆಳಗಿನದು 12ನೆಯ ಶತಮಾನದ್ದು. ದಪ್ಪನೆಯ ಕಂಬಗಳ ನಡುವೆ ಮಬ್ಬುಗತ್ತಲೆ. ಮೆಟ್ಟಿಲೇರಿದರೆ ಬಣ್ಣದ ಗಾಜುಗಳ, ಚಿತ್ರಿತ ಗೋಡೆಗಳ ಮೇಲ್ಮಂದಿರ. ಇಲ್ಲಿರುವ ಸ್ಫಟಿಕದ ಪುಟ್ಟ ಕುಪ್ಪಿಯೊಳಗೆ ಯೇಸುವಿನ ರಕ್ತ ಸೋಂಕಿದ ಬಟ್ಟೆಯ ಚೂರಿದೆಯೆಂದು ಭಕ್ತರು ನಂಬುತ್ತಾರೆ. ಎರಡನೆಯ ಧರ್ಮಯುದ್ಧದಿಂದ ಹಿಂದಿರುಗಿದ ಫ್ಲಾಂಡರ್ಸಿನ ಒಡೆಯ ಥಿಯೆರಿಯು ಇದನ್ನು ಜೆರೂಸಲೇಮಿನಿಂದ ತಂದನೆಂಬುದು ಐತಿಹ್ಯ. ಇತಿಹಾಸವು ಇದಕ್ಕೆ ಸುಲಭವಾಗಿ ತಲೆದೂಗುವುದಿಲ್ಲ. ಇದನ್ನು ಹೆಸರಿಸುವ ಅತ್ಯಂತ ಹಳೆಯ ದಾಖಲೆ 1256ರದು. 1204ರಲ್ಲಿ ಧರ್ಮಯೋಧರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಮಾಡಿದಾಗ ಫ್ಲಾಂಡರ್ಸಿನ ಬಾಲ್ಡ್‌ವಿನ್ ಅಲ್ಲಿಯ ಚಕ್ರವರ್ತಿಯಾದನು. ಕುಪ್ಪಿಯೂ ಆ ನಾಡಿನ ಸುಗಂಧದ್ರವ್ಯದ ಕರಂಡದಂತಿದೆ. ಆದುದರಿಂದ ಅದು ಅಲ್ಲಿಂದಲೇ ಬಂದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಪೂಜ್ಯವಸ್ತುವೊಂದು ಸೂರೆಯ ಮಾರ್ಗವಾಗಿ ಬಂದಿದ್ದರೆ ಅದು ವಿಷಾದದ ಸಂಗತಿಯೇ ಸರಿ.

ಆದರೆ ಅದನ್ನು ಉಳಿಸಿಕೊಂಡವರ ನಿಷ್ಠೆಯಲ್ಲಿ ಸಂದೇಹವಿಲ್ಲ. ಫ್ರೆಂಚ್ ಕ್ರಾಂತಿಯ ಸೇನೆಗಳು ನಾಡನ್ನು ಆಕ್ರಮಿಸಿದಾಗ ಪುರಜನರು ಅದನ್ನು ಬಚ್ಚಿಟ್ಟು ಕಾಪಾಡಿದರು. ಅದೇ ಚೌಕದಲ್ಲಿದ್ದ ಸಂತ ಡೊನೇಷಿಯನ್ನನ ಮಹಾಚರ್ಚಿಗೆ ಆ ಭಾಗ್ಯವಿರಲಿಲ್ಲ; 1799ರ ಸುಮಾರಿಗೆ ಅದು ನೆಲಸಮವಾಯಿತು. ಪ್ರತಿವರ್ಷವೂ ಯೇಸುವಿನ ಸ್ವರ್ಗಾರೋಹಣದ ದಿನ ಆ ಕುಪ್ಪಿಯನ್ನು ಬೀದಿಗಳಲ್ಲಿ ಮೆರವಣಿಗೆ ಮಾಡಿಸುತ್ತಾರೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಸುಮಾರು 115 ಮೀಟರ್ ಎತ್ತರದ ಇಟ್ಟಿಗೆಯ ಗೋಪುರವುಳ್ಳ ಮಾತೆ ಮರಿಯಳ ಚರ್ಚು ಇದೆ. ಇದರ ನಿಧಿ ಮೈಕೆಲೆಂಜೆಲೊ ಕಡೆದ ತಾಯಿ ಮಗುವಿನ ಅಮೃತಶಿಲಾ ವಿಗ್ರಹ. ಬ್ರೂಜಿನ ವರ್ತಕರೇ ಇದನ್ನು ಕೊಂಡು ತಂದರು. 1794ರಲ್ಲಿ ಫ್ರೆಂಚರು ಇದನ್ನು ಪ್ಯಾರಿಸಿಗೆ ಸಾಗಿಸಿದರು. ನೆಪೋಲಿಯನ್ನನ ಪತನಾನಂತರ ಅದು ಮರಳಿತು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಇದನ್ನು ಹಾಸಿಗೆಗಳಲ್ಲಿ ಸುತ್ತಿ ಒಯ್ದರು. ಮರುವರ್ಷ ಆಸ್ಟ್ರಿಯದ ಆಲ್ಟೌಸೆಯ ಉಪ್ಪಿನ ಗಣಿಯಲ್ಲಿ ಅದು ದೊರೆತು ಮತ್ತೆ ತನ್ನ ಪೀಠವನ್ನೇರಿತು. ಮಗುವು ತಾಯಿಯ ಮಡಿಲಿನಿಂದ ಕೆಳಗಿಳಿಯಲು ಹೆಜ್ಜೆಯಿಡುತ್ತಿದೆ. ತಾಯಿ ಅದರ ಕೈಯನ್ನು ಮೆಲ್ಲನೆ ಹಿಡಿದಿದ್ದಾಳೆ, ತಡೆಯುತ್ತಿಲ್ಲ.