ಬಿಡದಿ ತುಮಕೂರು ರಸ್ತೆಗೆ ಬಂದದ್ದು ಹೇಗೆ?

ಕಾಲೇಜ್ ಬಸ್ಸಿನ ಟ್ರಿಪ್ ದಾಖಲಿಸೋ ಮಿನಿ ಪ್ರಾಜೆಕ್ಟ್ ಅಂದ್ಕೊಳ್ಳಿ. ಮೊದಲ ಡ್ರಾಪ್‌ಡೌನ್‌ನಲ್ಲಿ ‘ಮೈಸೂರು ರಸ್ತೆ’ ಆರಿಸಿದರೆ ಎರಡನೆಯದರಲ್ಲಿ ಕೆಂಗೇರಿ, ಬಿಡದಿಯಂಥ ಆ ರೂಟಿನ ಸ್ಟಾಪ್‌ಗಳಷ್ಟೇ ಬರಬೇಕು. ಅದು ಸುಲಭ. ಆದರೆ ಬಿಡದಿ ಆರಿಸಿದ ಮೇಲೆ ರೂಟನ್ನು ‘ತುಮಕೂರು ರಸ್ತೆ’ಗೆ ಬದಲಿಸಿ ನೋಡಿ. ಎರಡನೇ ಪಟ್ಟಿ ಖಾಲಿ ಮಾಡೋ ಕೋಡ್ ಮರೆತಿದ್ದರೆ ಬಿಡದಿ ಅಲ್ಲೇ ಕೂತಿರುತ್ತೆ, ಸೇವ್ ಕೂಡ ಆಗುತ್ತೆ! ನಮ್ಮ ಡೆಮೋದಲ್ಲಿ ಆಗಿದ್ದು ಇದೇ.

ರೂಟ್, ಸ್ಟಾಪ್‌ಗೆ ಬೇರೆ ಬೇರೆ ಫಾರಿನ್ ಕೀ ಇದ್ದರೂ ಇದನ್ನು ತಡೆಯಲ್ಲ. ಎರಡು ಐಡಿಗಳೂ ಸರಿಯಾಗೇ ಇವೆ, ತಪ್ಪಿರೋದು ಜೋಡಿ. ಹಾಗಾಗಿ ‘ರೂಟ್_ಸ್ಟಾಪ್’ ಅನ್ನೋ ಟೇಬಲ್ ಮಾಡಿ, ಎರಡೂ ಐಡಿ ಸೇರಿಸಿ ಪ್ರೈಮರಿ ಕೀ ಕೊಡಿ. ಟ್ರಿಪ್ ಟೇಬಲ್‌ನ ಫಾರಿನ್ ಕೀ ಆ ಜೋಡಿಗೇ ಇರಲಿ. ಎರಡೂ ಕಾಲಂ ನಾಟ್ ನಲ್. ಮೆಜೆಸ್ಟಿಕ್ ಎರಡು ರೂಟಲ್ಲಿದ್ದರೂ ತೊಂದರೆಯಿಲ್ಲ. ಎಸ್‌ಕ್ಯೂಲೈಟ್ ಬಳಸೋರು ಫಾರಿನ್ ಕೀ ಪ್ರಾಗ್ಮಾ ಆನ್ ಮಾಡೋದು ಮರೀಬೇಡಿ.